ಗೌನು ಹೊಲಿಯುವವನ ಬೀದಿ

ತನ್ನ ಅಂಗಡಿಯ ಬಾಗಿಲಿಗೆ ಅಳತೆ ಟೇಪು ಹಿಡಿದು ನಿಂತವಳನ್ನು ಕಂಡದ್ದೇ ದರ್ಜಿಯ ಪಿತ್ತ ನೆತ್ತಿಗೇರಿತು. ಕೊರಳಲ್ಲಿದ್ದ ತನ್ನ ಟೇಪನ್ನು ಎಳೆದುಕೊಂಡು ಬಂದವನೇ ಅವಳ ತೋಳಿನ ಪಕ್ಕಕ್ಕೆ, ಗಾಳಿಯಲ್ಲೇ, ಹಿಡಿದ.

“ಏನ್ರೀ ಇದು?” ಆರ್ಕಿಟೆಕ್ಟ್ ಹಿಂದೆ ಸರಿದಳು.

“ನೀವು ಕೇಳ್ದೆ ನನ್ನ ಅಂಗಡಿ ಅಳೀತಿದ್ದೀರಿ, ನಾನೂ ಕೇಳ್ದೆ ನಿಮ್ಮನ್ನ ಅಳೀತಿದ್ದೀನಿ. ಒಡೆಯೋದು ಯಾವತ್ತು?”

“ಒಡೆಯೋಕಲ್ಲ ರೀ, ಉಳಿಸೋಕೆ!”

ಅವನು ನಕ್ಕ. ನಂಬದವನ ನಗು. ಆದರೂ ಆ ಕಣ್ಣು ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು.

ಊರ ನಡುವಿನ ವಿಶ್ವವಿದ್ಯಾಲಯ ಈ ಬೀದಿಯ ಎರಡೂ ಮಗ್ಗುಲಿಗೆ ಬೆಳೆಯುತ್ತಿತ್ತು. ಹೊಸ ಕ್ಯಾಂಪಸ್ಸಿನ ನಕ್ಷೆ ಅವಳದು. ಅದರಲ್ಲಿ ಕಾಂಪೌಂಡೇ ಇರಲಿಲ್ಲ. ಬಸ್ ನಿಲ್ದಾಣದಿಂದ ಹೊರಟ ದರ್ಜಿಗಳ ಬೀದಿ ಲೈಬ್ರರಿಯ ಮುಂದೆಯೇ ಹಾದು ಮಾರ್ಕೆಟ್ ಸೇರಬೇಕು. ಓದುವವರ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಓಡಬೇಕು. ತರಕಾರಿ ಚೀಲ ಹೊತ್ತ ಅಜ್ಜಿ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ಬೀದಿಯವರು ಅವಳಿಗೆ ‘ಗೋಡೆ ಬೇಡಮ್ಮ’ ಎಂದೇ ಹೆಸರಿಟ್ಟರು.

ಅವನು ಪದವಿ ಸಮಾರಂಭಕ್ಕೆ ಕರಿ ಗೌನು ಹೊಲಿಯುವವನು. ಚರಂಡಿ ನೋಡಬೇಕು, ಬಿಸಿಲು ಎತ್ತ ಬೀಳುತ್ತದೋ ನೋಡಬೇಕು ಎಂದು ಅವಳು ದಿನಾ ಬಂದಳು. ನೋಡಿದ್ದು ಮಾತ್ರ ಬೇರೆ. ಕತ್ತರಿ ಓಡಿಸುವಾಗ ತುಟಿ ಕಚ್ಚುವವನನ್ನು.

“ಇಬ್ರೂ ಬರೀ ಅಳೀತಾನೇ ಇರ್ತೀರೋ? ಹೊಲಿಗೆ ಯಾವಾಗ?” ದಾರ ಕಚ್ಚುತ್ತಾ ಕೇಳಿದಳು ಅವನ ಅಕ್ಕ.

ದರ್ಜಿ ಸೂಜಿಗೆ ದಾರ ಪೋಣಿಸಲು ಹೋಗಿ ತಪ್ಪಿದ.

ಅಷ್ಟರಲ್ಲಿ ಬೇಗ ಜಾಗ ಬಿಡುವವರಿಗೆ ಹೊಸ ಮಾರ್ಕೆಟ್ಟಿನಲ್ಲಿ ಮಳಿಗೆ ಕೊಡುತ್ತೇವೆಂದು ವಿಶ್ವವಿದ್ಯಾಲಯ ಹೇಳಿ ಕಳಿಸಿತು. ದರ್ಜಿ ಅವಳನ್ನು ಕೇಳಿದ. “ಬೀದಿ ಉಳಿಯತ್ತೆ ತಾನೆ? ಎಲ್ಲರೂ ನನ್ನ ಬಾಯಿ ನೋಡ್ತಿದ್ದಾರೆ.”

“ಉಳಿಯತ್ತೆ. ನಂಬಿ,” ಎಂದಳು. ಅಷ್ಟು ಹೇಳುವ ಅಧಿಕಾರ ಅವಳಿಗಿರಲಿಲ್ಲ. ಅವನ ಮುಖ ನೋಡಿ ಹೇಳಿಬಿಟ್ಟಳು. ಅವನ ಮಾತಿಗೆ ಬೀದಿಯವರೆಲ್ಲ ಮಳಿಗೆ ಬೇಡವೆಂದರು.

ಹೊಸ ಕುಲಪತಿ ಬಂದರು. “ಬೀದಿ ಒಳಗೆ ಬಂದ್ರೆ ಕಾಲೇಜು ಸಂತೆ ಆಗತ್ತೆ. ಅಂಗಡಿ ತೆಗೆಸಿ, ಸುತ್ತ ಗೋಡೆ ಕಟ್ಟಿ,” ಎಂದರು. ಅವಳು ಗಂಟಲು ಒಣಗುವವರೆಗೆ ವಾದಿಸಿದಳು. ಚಿಕ್ಕದೊಂದು ಗೇಟಾದರೂ ಇರಲಿ ಎಂದು ಅಂಗಲಾಚಿದಳು. ಅದನ್ನೂ ನಕ್ಷೆಯಿಂದ ಹೊಡೆದುಹಾಕಿದರು. ಮಾರ್ಕೆಟ್ಟಿನ ಮಳಿಗೆಗಳು ಆಗಲೇ ಬೇರೆಯವರ ಪಾಲಾಗಿದ್ದವು. ಬೀದಿಯವರಿಗೆ ಸಿಕ್ಕಿದ್ದು ಊರಾಚೆ, ನರಪಿಳ್ಳೆ ಸುಳಿಯದ ಕಡೆ, ತಗಡಿನ ಶೆಡ್ಡು.

ಅಂಗಡಿ ಖಾಲಿ ಮಾಡುವ ದಿನ ಅವಳು ಬಂದಳು. “ನಾನು ಕೆಲಸ ಬಿಡ್ತೀನಿ. ನಾವಿಬ್ರೂ ಎಲ್ಲಾದ್ರೂ…”

“ನೀವು ಬಿಟ್ರೆ ಬೀದಿ ಉಳಿಯತ್ತಾ?”

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.

“ನಿಮ್ಮ ಮೇಲೆ ಸಿಟ್ಟಿದ್ದಿದ್ರೆ ಸುಲಭ ಆಗ್ತಿತ್ತು,” ಎಂದ ದರ್ಜಿ. “ಬೆಳಗಾದ್ರೆ ನಿಮ್ಮ ಚಪ್ಪಲಿ ಸದ್ದಿಗೆ ಕಿವಿ ಕೊಟ್ಟು ಕೂತಿರ್ತಿದ್ದೆ. ನೀವಂದ್ರೆ ನಂಗೆ ಪ್ರಾಣ. ಆದ್ರೆ ಕಾಜಾ ಹಾಕೋ ಚಿಕ್ಕಪ್ಪ, ಗುಂಡಿ ಅಂಗಡಿ ಅತ್ತೆ, ಎಲ್ಲರೂ ನನ್ನ ಮಾತು ಕೇಳಿ ಮುಳುಗಿದಾರೆ. ಅವರ ಎದುರಿಗೆ ನಿಮ್ಮ ಕೈ ಹೇಗೆ ಹಿಡೀಲಿ?”

“ಅವರ ಕಾಲಿಗೆ ಬೀಳ್ತೀನಿ.”

“ಕ್ಷಮಿಸ್ತಾರೆ. ಒಳ್ಳೆಯವರು. ಗಿರಾಕಿ ಬರದ ಒಂದೊಂದು ದಿನಾನೂ ಸುಮ್ನೆ ನಿಮ್ಮ ಮುಖ ನೋಡ್ತಾರೆ. ಅದನ್ನ ನೀವು ತಡ್ಕೋಬಹುದು. ನನ್ನ ಕೈಲಾಗಲ್ಲ.”

ಒಳಗಿಂದ ಅಕ್ಕ ಬಂದಳು. ಅವಳ ಮುಖ ನೋಡದೆಯೇ, “ಯಂತ್ರದ ಆ ಕಡೆ ಹಿಡಿಯಮ್ಮ, ಭಾರ ಇದೆ,” ಎಂದಳು.

ಈ ಕಡೆ ದರ್ಜಿ, ಆ ಕಡೆ ಅವಳು, ಇಬ್ಬರೂ ಎತ್ತಿದರು. ತಣ್ಣನೆಯ ಕಬ್ಬಿಣದ ಅಡಿಯಲ್ಲಿ ಬೆರಳಿಗೆ ಬೆರಳು ತಾಗಿತು. ಯಾರೂ ತೆಗೆಯಲಿಲ್ಲ. ಟೆಂಪೋದಲ್ಲಿ ಇಳಿಸಿದ ಮೇಲೂ ಒಂದಿಷ್ಟು ಹೊತ್ತು ಹಾಗೇ ಇದ್ದರು.

ಟೆಂಪೋ ತಿರುವು ದಾಟಿತು. ಹಿಂದಿನಿಂದ ಮೇಸ್ತ್ರಿ ಕೂಗಿದ. “ಮೇಡಂ, ಗೋಡೆ ಪಾಯ ಎಲ್ಲಿಂದ ತೋಡೋಣ?”

ಅವಳು ಕೆಳಗೆ ನೋಡಿದಳು.

“ಇಲ್ಲಿಂದ,” ಎಂದು, ತಾನು ನಿಂತಿದ್ದ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.