ಎಡಗೈಗೆ ಸಿಗದ ಹೆಸರು

ಸಿಟ್ಟು ಬಂದರೆ ವಾಣಿಶ್ರೀಗೆ ಕಿವಿ ಕೇಳಿಸುವುದಿಲ್ಲ. ಇದು ಅವಳ ಅವ್ವನ ಮಾತು. ಕುಷ್ಟಗಿಯ ದಾಳಿಂಬೆ ಪ್ಯಾಕ್‌ಹೌಸಿನ ಹೆಂಗಸರೆಲ್ಲ ಬುಧವಾರ ಮಧ್ಯಾಹ್ನ ಅದನ್ನು ಕಣ್ಣಾರೆ ಕಂಡರು.

ಊಟಕ್ಕೆ ಕುಳಿತವಳು ನೀರಿನ ಬಾಟಲಿ ಮರೆತಿದ್ದೆನೆಂದು ಆಫೀಸ್ ಕೋಣೆಗೆ ವಾಪಸ್ ಬಂದಳು. ಬಾಗಿಲಲ್ಲಿ ಹಣ್ಣು ಆರಿಸುವ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒಳಗೆ ಅವಳ ಕುರ್ಚಿಯಲ್ಲಿ, ಅವಳ ಕಂಪ್ಯೂಟರಿನ ಮುಂದೆ ಪ್ರಭುರಾಜ ಕುಳಿತಿದ್ದ. ಬಲಗೈಯನ್ನು ಟವೆಲಿನಿಂದ ಎದೆಗೆ ಬಿಗಿದುಕೊಂಡಿದ್ದ. ಎಡಗೈ ಒಂದರಲ್ಲೇ ಕೀಬೋರ್ಡಿನ ಮೇಲೆ ತಡಕಾಡುತ್ತಿದ್ದ, ನಾಲಿಗೆ ಕಚ್ಚಿಕೊಂಡು, ಥೇಟ್ ಅವಳ ಹಾಗೆ.

"ಆಡ್ಕೊಂಡು ನಗಾಕ ನಾನ ಸಿಕ್ನೇನ್ರಿ ನಿಮಗ?"

ಪ್ರಭುರಾಜ ಗಡಬಡಿಸಿ ಎದ್ದ. ಕಟ್ಟಿದ ಕೈ ಬಿಚ್ಚಲು ಬಾರದೆ ಟವೆಲಿನ ಗಂಟಿನೊಡನೆ ಗುದ್ದಾಡಿದ. "ಹಂಗಲ್ರೀ, ವಾಣಿಶ್ರೀ, ಒಂದು ಮಾತು ಕೇಳ್ರಿ..."

"ನಾಳಿಂದ ಈ ಕೋಣಿಯೊಳಗ ಕಾಲಿಟ್ರ ನೋಡ್ರಿ ಮತ್ತ!"

ಅವನು ಇನ್ನೂ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಬಾಟಲಿಯನ್ನೂ ಮರೆತು ಹೊರಟುಹೋದಳು.

ನಾಲ್ಕು ತಿಂಗಳ ಹಿಂದೆ ತಮ್ಮನ ಬೈಕಿನಿಂದ ಬಿದ್ದು ಅವಳ ಬಲ ಮುಂಗೈ ಮುರಿದಿತ್ತು. ಎಲುಬು ಕೂಡಿತು, ನರ ಕೂಡಲಿಲ್ಲ. ಮೂರು ಬೆರಳು ಇವತ್ತಿಗೂ ಅವಳ ಮಾತು ಕೇಳುವುದಿಲ್ಲ. ವರ್ಷ ಹಿಡಿಯಬಹುದು, ಹಿಡಿಯದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಂದಿನಿಂದ ಅವಳು ಖಾಲಿ ಕ್ರೇಟುಗಳ ಮರೆಯಲ್ಲಿ ಒಬ್ಬಳೇ ಕುಳಿತು ಉಣ್ಣುತ್ತಾಳೆ, ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು. ಯಾರಿಗೂ ಏನನ್ನೂ ಕೈಯಿಂದ ಕೊಡುವುದಿಲ್ಲ. ಎಡಗೈಯಲ್ಲಿ ಕೊಟ್ಟರೆ ಕೊಟ್ಟಂತೆಯೇ ಅಲ್ಲ ಎಂಬ ಮನೆಯಲ್ಲಿ ಬೆಳೆದವಳು. ಚೀಟಿಯಾಗಲಿ, ಚಹಾದ ಕಪ್ಪಾಗಲಿ, ಮೇಜಿನ ಮೇಲಿಟ್ಟು ಸುಮ್ಮನಾಗುತ್ತಾಳೆ.

ಪ್ರಭುರಾಜ ಯಲಬುರ್ಗಾ ಕಡೆಯವನು. ತೋಟಗಳಿಂದ ಹಣ್ಣು ತರುವುದು ಅವನ ಕೆಲಸ, ಕಂಪ್ಯೂಟರ್ ಕೆಟ್ಟಾಗ ಅದನ್ನು ರಿಪೇರಿ ಮಾಡುವುದು ಅವನ ಖಯಾಲಿ. ಅವಳು ಬೈಕಿನಿಂದ ಬೀಳುವುದಕ್ಕೆ ಮುಂಚೆ, ಲೋಡು ತಂದಾಗಲೆಲ್ಲ ಒಂದು ಒಳ್ಳೆಯ ಹಣ್ಣನ್ನು ಅವಳ ಕೀಬೋರ್ಡಿನ ಪಕ್ಕ ಇಟ್ಟು ಹೋಗುತ್ತಿದ್ದ. ಅವಳು ಅದನ್ನು ಕಾಣದವಳಂತೆ ಕುಳಿತು, ಅವನು ಹೊರಳಿದ ಕೂಡಲೇ ಎತ್ತಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಬಂದವನು "ಪಾಪ" ಎಂದುಬಿಟ್ಟ. "ನನಗ ಪಾಪ ಅನ್ನಬ್ಯಾಡ್ರಿ" ಎಂದು ಸಿಡಿದಿದ್ದಳು. ಅಂಥವನು ಈಗ ನಾಲ್ಕು ಜನರ ಮುಂದೆ ತನ್ನನ್ನು ಅಣಕಿಸುತ್ತಿದ್ದಾನೆ! ಬೇರೆ ಯಾರೇ ಆಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಯಾಕೆ ಇವನ ಮೇಲೆಯೇ ಇಷ್ಟು ಉರಿ ಎಂದು ಕೇಳಿದರೆ ಅವಳ ಬಳಿ ಉತ್ತರವಿತ್ತು, ಹೇಳುತ್ತಿರಲಿಲ್ಲ ಅಷ್ಟೇ.

ಉರಿಯುವ ಬೆಂಕಿಗೆ ಶುಕ್ರವಾರ ಸಾವಕಾರ ವಿರೂಪಾಕ್ಷಪ್ಪನವರು ಇನ್ನಷ್ಟು ತುಪ್ಪ ಸುರಿದರು.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ತಂಗಿ. ಆದ್ರ ಮುಂಬೈ ಹಡಗು ನನ್ನ ಮಾತು ಕೇಳಂಗಿಲ್ಲ. ನಾಳೆ ಆರನೂರಾ ನಲವತ್ತು ಬಾಕ್ಸ್ ಲೇಬಲ್ ಹಚ್ಚಿಕೊಂಡು ನಾಲ್ಕಕ್ಕ ಗೇಟು ದಾಟಬೇಕು. ದಾಟಲಿಲ್ಲಂದ್ರ ಸೋಮವಾರದಿಂದ ಕೊಪ್ಪಳದ ಹುಡುಗಿ ಒಬ್ಬಾಕಿ ಬರ್ತಾಳ."

"ನಾನು?"

"ನೀ ಮನ್ಯಾಗ ಆರಾಮ ತಗೋ. ಕೈ ಛಲೋ ಆದ ಮ್ಯಾಲ ನೋಡೋಣಂತ."

ಆರು ವರ್ಷದಿಂದ ಆ ಕುರ್ಚಿ ಅವಳದು. ಯಾವ ರೈತನ ಹಣ್ಣು, ಯಾವ ಊರು, ಯಾವ ದರ್ಜೆ ಎಂದು ಎಕ್ಸೆಲ್‌ನಲ್ಲಿ ಮೊದಲ ಹಾಳೆ ಕಟ್ಟಿದವಳೇ ಅವಳು. ಮನೆಯಲ್ಲಿ ಕುಳಿತರೆ ಕೈಯಷ್ಟೇ ಅಲ್ಲ, ತಾನೇ ಉಪಯೋಗಕ್ಕೆ ಬಾರದವಳಾಗುತ್ತೇನೆ ಎಂದು ಅವಳಿಗೆ ಭಯವಾಯಿತು.

ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಮಾನಿಟರಿಗೆ ಒಂದು ಚೀಟಿ ಅಂಟಿಸಿತ್ತು. ಪರದೆಯ ಮೇಲೆ ಬುಧವಾರದಿಂದ ಅವಳು ಮುಟ್ಟದೆ ಬಿಟ್ಟಿದ್ದ 'ಎಡಗೈ' ಎಂಬ ಹೆಸರಿನ ಹೊಸ ಫೈಲು. ಯಾರ ಕೆಲಸವೆಂದು ಹೇಳಬೇಕೇ? ಓದದೆಯೇ ಚೀಟಿ ಕಿತ್ತು, ಮುದ್ದೆ ಮಾಡಿ, ಕಸದ ಬುಟ್ಟಿಗೆ ಎಸೆದಳು. ಹಳೆಯ ಹಾಳೆ ತೆರೆದು ಕೆಲಸಕ್ಕೆ ಕುಳಿತಳು.

ಎಡಗೈಯನ್ನು ಕೀಬೋರ್ಡಿನ ಆ ತುದಿಯವರೆಗೆ ಓಡಿಸಬೇಕು, ಎಂಟರ್ ಒತ್ತಬೇಕು, ಮತ್ತೆ ಈ ತುದಿಗೆ ಬರಬೇಕು, ಅಷ್ಟರಲ್ಲಿ ಮೌಸ್ ಹಿಡಿಯಬೇಕು. ಮಧ್ಯಾಹ್ನ ಒಂದರ ಹೊತ್ತಿಗೆ ಬರೀ ನೂರಾ ಅರವತ್ತು ಲೇಬಲ್ ಆಗಿದ್ದವು. ಹೊರಗೆ ಬಾಕ್ಸುಗಳನ್ನು ಆಳೆತ್ತರ ಪೇರಿಸಿದ್ದರು. ಲಾರಿ ಡ್ರೈವರ್ ಶಾಮೀದಸಾಬ ಎರಡು ಸಲ ಹಾರ್ನ್ ಹೊಡೆದ. ಸಾವಕಾರರು ಬಾಗಿಲಿಗೆ ಬಂದು, ಗಡಿಯಾರ ನೋಡಿ, ಏನೂ ಅನ್ನದೆ ಹೋದರು. ಬೈದಿದ್ದರೆ ವಾಸಿಯಿತ್ತು.

ತೂಕದ ಚೀಟಿ ತಂದ ನೂರಜಾನಬಿ ಅಲ್ಲೇ ನಿಂತಳು. ಹಣ್ಣು ಆರಿಸುವವರಲ್ಲೆಲ್ಲ ಹಿರಿಯಳು.

"ಬುಟ್ಟ್ಯಾಗಿಂದು ಒಮ್ಮೆ ತಗದು ನೋಡಬಾರದೇನ ಬೇಟಿ? ನೀ ಬೈದಿದ್ದಕ್ಕ ಆ ಹುಡುಗ ಎರಡು ದಿನ ಹೊಸ್ತಿಲ ಮ್ಯಾಲ ನಿಂತು ಹೊಳ್ಳಿ ಹೋಗ್ಯಾನ. ನಿನ್ನಿ ಸಂಜಿ ಆ ಚೀಟಿ ನನ್ನ ಕೈಲೆ ಅಂಟಿಸಿದ. ಕಂಪ್ಯೂಟರ್ ಕೆಲಸ ಬುಧವಾರನ ಮುಗಿಸಿದ್ದನಂತ."

"ನೀವೂ ಅವತ್ತು ನಗಾಕತ್ತಿದ್ರಿ ಚಾಚಿ."

"ನಗಲಾರದ ಏನು ಮಾಡ್ಲೆವ್ವ? ಸಣ್ಣ ಕೂಸಿನಂಗ ಒಂದೊಂದು ಅಕ್ಷರಕ್ಕೂ ಬೆವರತಿದ್ದ."

ನೂರಜಾನಬಿ ಹೋದಳು. ವಾಣಿಶ್ರೀ ಗಡಿಯಾರ ನೋಡಿದಳು, ಬುಟ್ಟಿ ನೋಡಿದಳು. ಹಟವೂ ಬೇಕು, ಕುರ್ಚಿಯೂ ಬೇಕು ಎಂದರೆ ಆಗುತ್ತದೆಯೇ? ಬಗ್ಗಿ ಚೀಟಿ ಎತ್ತಿಕೊಂಡು ತೊಡೆಯ ಮೇಲೆ ಬಿಡಿಸಿದಳು.

ಅಕ್ಷರಗಳು ಸೊಟ್ಟಂಬಟ್ಟ. ಒಂದು ದೊಡ್ಡದು, ಒಂದು ಚಿಕ್ಕದು, ಸಾಲು ಕೆಳಗೆ ಜಾರುತ್ತಿತ್ತು. ಪ್ರಭುರಾಜನ ಅಕ್ಷರ ಅಚ್ಚು ಹಾಕಿದಂತಿರುತ್ತದೆ, ಲೋಡಿನ ಚೀಟಿಗಳಲ್ಲಿ ಆರು ವರ್ಷದಿಂದ ನೋಡುತ್ತಾ ಬಂದಿದ್ದಾಳೆ. ಈ ಸೊಟ್ಟ ಅಕ್ಷರವೂ ಅವಳಿಗೆ ಗೊತ್ತು. ನಾಲ್ಕು ತಿಂಗಳಿಂದ ಅವಳ ಸಹಿ ಹೀಗೇ ಬರುತ್ತಿದೆ. ಅದು ಎಡಗೈ ಬರಹ.

ಕ್ಯಾಪ್ಸ್ ಲಾಕ್ ಒತ್ತಿದರೆ ಎಂಟರ್ ಆಗುತ್ತದೆ ಎಂದಿತ್ತು. ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಲೇಬಲ್ ಪ್ರಿಂಟ್. ಬಿ ವಿ ಹೊಡೆದರೆ ಬೇವೂರು. ಕುಷ್ಟಗಿಯ ಕೆ ಬಲಗಡೆ ಇರುವುದರಿಂದ ಅದಕ್ಕೆ ಸಿ ಎಸ್, ಯಲಬುರ್ಗಾದ ವೈ ಸಿಗುವುದಿಲ್ಲವಾದ್ದರಿಂದ ಇ ಬಿ. ರೈತರ ಹೆಸರುಗಳೂ ಹಾಗೇ, ಫಕ್ರುದ್ದೀನನಿಗೆ ಎಫ್ ಡಿ. ಬಾಕ್ಸ್ ನಂಬರು ತಾನೇ ಏರುತ್ತದೆ. ಕೊನೆಗೆ, 'ಮೌಸ್ ಮುಟ್ಟೋದು ಬ್ಯಾಡ್ರಿ'.

ಒಂದೇ ಒಂದು ಕೀಲಿಯೂ ಎಡಗೈ ದಾಟಿ ಹೋಗಿರಲಿಲ್ಲ. ಎರಡು ಕೈ ಇಟ್ಟುಕೊಂಡು ಕುಳಿತವರಿಗೆ ಈ ಕಷ್ಟ ಹೊಳೆಯುವುದಿಲ್ಲ. ಅದಕ್ಕೇ ಅವನು ಕೈ ಕಟ್ಟಿಕೊಂಡಿದ್ದ. ತಾನು ಏನೆಂದುಕೊಂಡೆ, ಎಂಥ ಮಾತು ಆಡಿದೆ! ಅವಳ ಕಣ್ಣು ತುಂಬಿದವು. ಅಳಲು ಪುರಸೊತ್ತು ಇರಲಿಲ್ಲ. ಕಣ್ಣೊರೆಸಿಕೊಂಡು 'ಎಡಗೈ' ತೆರೆದಳು.

ಮೊದಲ ಹತ್ತು ಲೇಬಲ್ ತಪ್ಪಿದವು, ಬೆವರಿದಳು. ಆಮೇಲೆ ಬೆರಳುಗಳಿಗೆ ದಾರಿ ತಿಳಿಯಿತು. ಪ್ರಿಂಟರ್ ನಿಲ್ಲದೆ ಕರಕರ ಎನ್ನತೊಡಗಿತು. ಎರಡಕ್ಕೆ ಮುನ್ನೂರಾಯಿತು. ಮೂರಕ್ಕೆ ನಾನೂರಾ ಎಂಬತ್ತು. ಹೊರಗೆ ಜೀಪು ನಿಂತ ಸದ್ದು ಕೇಳಿಸಿತು, ಬೇವೂರಿನ ಕೊನೆಯ ಹಣ್ಣು ಬಂದಿತ್ತು. ಪ್ರಭುರಾಜ ತೂಕದ ಚೀಟಿಗಳನ್ನು ಹೊಸ್ತಿಲ ಆಚೆಯಿಂದಲೇ ನೂರಜಾನಬಿಯ ಕೈಗೆ ಕೊಟ್ಟ. ಕಾಲು ಒಳಗಿಡಲಿಲ್ಲ. ಅವಳ ಎಡಗೈ ಓಡುವುದನ್ನು ಒಂದು ಗಳಿಗೆ ನೋಡಿದ. ಅವಳು ತಲೆ ಎತ್ತಿದಾಗ ಕಣ್ಣು ಕೆಳಗೆ ಹಾಕಿ ಹೊರಟುಹೋದ. ಕರೆಯಬೇಕೆಂದು ಅವಳ ಬಾಯಿಗೆ ಬಂದಿತ್ತು, ಇನ್ನೂ ನೂರಾ ಅರವತ್ತು ಉಳಿದಿದ್ದವು.

ಲೇಬಲ್ ಮುಗಿದಾಗ ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಉಳಿದದ್ದು ಲಾರಿಯ ಪಟ್ಟಿ ಒಂದೇ. ಅದರ ಕೆಳಗೆ ಹಣ್ಣು ತಂದವನ ಹೆಸರು ಬರೆಯಬೇಕು. ಚೀಟಿ ತಿರುವಿ ನೋಡಿದಳು, ಹಿಂದೆ ಮುಂದೆ ಹುಡುಕಿದಳು. ಇಪ್ಪತ್ಮೂರು ರೈತರಿಗೂ, ಊರುಗಳಿಗೂ ಶಾರ್ಟ್‌ಕಟ್ ಇಟ್ಟ ಪುಣ್ಯಾತ್ಮ ತನ್ನ ಹೆಸರಿಗೆ ಇಟ್ಟಿರಲಿಲ್ಲ. ಹಳೆಯ ಪಟ್ಟಿಯಿಂದ ಕಾಪಿ ಮಾಡಬಹುದಿತ್ತು. ಮಾಡಲಿಲ್ಲ. ಎಡಗೈಯನ್ನು ಆ ತುದಿಯವರೆಗೆ ಚಾಚಿ, ಒಂದೊಂದೇ ಅಕ್ಷರ ಹುಡುಕಿ, ಹೆಸರನ್ನು ಪೂರ್ತಿ ಹೊಡೆದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಶಾಮೀದಸಾಬನ ಲಾರಿ ಗೇಟು ದಾಟಿತು. ಸಾವಕಾರರು ಒಳಗೆ ಬಂದು ಒಂದು ಸಲ ಕೆಮ್ಮಿದರು. "ಕೊಪ್ಪಳದ ಹುಡುಗಿಗೆ ಫೋನ್ ಮಾಡಿ ಬ್ಯಾಡ ಅಂತೀನಿ" ಎಂದಷ್ಟೇ ಹೇಳಿ ಹೋದರು.

ಪ್ರಭುರಾಜ ಮತ್ತೆ ಬಂದು ಹೊಸ್ತಿಲ ಆಚೆ ನಿಂತಿದ್ದ.

"ಒಳಗ ಬರ್ರಿ," ಎಂದಳು ವಾಣಿಶ್ರೀ.

"ಕಾಲಿಟ್ರ ನೋಡ್ರಿ ಅಂದಿದ್ರಿ."

"ಈಗ ನೋಡಾಕ ಕರಿಯಾಕತ್ತೀನಿ. ಬರ್ರಿ."

ಬಂದು ನಿಂತ. ಬೇವೂರಿನ ಮಣ್ಣು ಅವನ ಕಾಲರಿನವರೆಗೂ ಹತ್ತಿತ್ತು.

"ಎಷ್ಟು ದಿನ ಕೈ ಕಟ್ಟಿಕೊಂಡು ಕುಂತಿದ್ರಿ?"

"ಹದಿನೈದು ದಿನ. ನೀವು ಉಣ್ಣಾಕ ಹೋದಾಗೆಲ್ಲ."

"ಕೈ ನೀವು ಕಟ್ಕೊಂಡ್ರಿ. ಬಾಯಿ ಯಾರು ಕಟ್ಟಿದ್ರು?"

"ನೀವ ಕಟ್ಟಿದ್ರಿ. ಮೊದ್ಲ ಹೇಳಿದ್ರ ಪಾಪ ಅಂತ ಮಾಡ್ಯಾನ ಅಂದು ಹೊರಗ ಒಗೀತಿದ್ರಿ."

"ಪಾಪ ಅಂತ ಅಲ್ಲಂದ್ರ ಮತ್ತ ಯಾಕ ಮಾಡಿದ್ರಿ?"

ಅವನ ಕಿವಿ ಕೆಂಪಾಯಿತು. ಆದರೆ ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ. "ನೀವು ಈ ಕುರ್ಚಿಮ್ಯಾಲ ಇಲ್ಲಂದ್ರ ಲೋಡ್ ತಂದು ನಾ ಯಾರ ಮುಂದ ಹಣ್ಣು ಇಡ್ಲಿ? ನನಗ ನೀವು ಬೇಕ್ರಿ, ವಾಣಿಶ್ರೀ. ಕೈ ಛಲೋ ಆದ್ರೂ, ಆಗದಿದ್ರೂ."

ಅವಳ ಕಿವಿ ಇವತ್ತು ಮುಚ್ಚಿರಲಿಲ್ಲ. ಕೇಳಬೇಕಾದದ್ದೆಲ್ಲ ಕೇಳಿಸಿತು.

"ಮತ್ತ ಎಲ್ಲಾರ ಹೆಸರಿಗೂ ಶಾರ್ಟ್‌ಕಟ್ ಇಟ್ಟೀರಿ, ನಿಮ್ಮ ಹೆಸರಿಗ್ಯಾಕ ಇಲ್ಲ?"

"ನೀವು ಕೇಳಲಾರದ ನಾನ ಹೆಂಗ ಇಟ್ಕೊಳ್ಲಿ? ಇಡೋದಿದ್ರ ನೀವ ಇಡಬೇಕು."

ಅವಳು ಎದ್ದಳು. ಮಧ್ಯಾಹ್ನ ಬಿಚ್ಚದೆ ಉಳಿದಿದ್ದ ಊಟದ ಡಬ್ಬಿ ಎತ್ತಿಕೊಂಡು ಕ್ರೇಟುಗಳ ಮರೆಗೆ ಹೋಗದೆ, ಹಣ್ಣು ಆರಿಸುವ ಉದ್ದನೆಯ ಮೇಜಿಗೆ ಹೋಗಿ ಎಲ್ಲರ ಎದುರಿಗೆ ಕುಳಿತಳು. ಅವನು ಹಿಂದೆಯೇ ಬಂದು ಎದುರಿಗೆ ಕುಳಿತು ತನ್ನ ಡಬ್ಬಿ ಬಿಚ್ಚಿದ. ಎಡಗೈಯಲ್ಲಿ ರೊಟ್ಟಿ ಮುರಿದ. ಹದಿನೈದು ದಿನದ ರೂಢಿ ಸಾಲದೆ ಪಲ್ಯ ಅಂಗಿಯ ಮೇಲೆ ಬಿತ್ತು.

"ಬಲಗೈಲೆ ಉಣ್ಣ್ರಿ, ಜನ ನೋಡಾಕತ್ತಾರ."

"ನೋಡ್ಲಿ ಬಿಡ್ರಿ."

ನೂರಜಾನಬಿ ನಗದೆ ಇರಲು ಭಾಳ ಪ್ರಯತ್ನ ಪಡುತ್ತಿದ್ದಳು. ವಾಣಿಶ್ರೀ ತನ್ನ ಡಬ್ಬಿಯ ಸಜ್ಜಿ ರೊಟ್ಟಿಯನ್ನು ಬಲಗೈ ಮುಂಗೈಯಿಂದ ಒತ್ತಿ ಹಿಡಿದು ಒಂದು ತುಂಡು ಮುರಿದಳು, ಮೇಲೆ ಶೇಂಗಾ ಚಟ್ನಿ ಇಟ್ಟಳು. ಮೇಜಿನ ಮೇಲೆ ಇಡಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ, ಎಲ್ಲರೂ ನೋಡುತ್ತಿರುವಂತೆಯೇ, ಎಡಗೈ ಮುಂದೆ ಚಾಚಿದಳು.

"ತಗೋರಿ," ಎಂದಳು. "ಸೋಮವಾರ ನಿಮ್ಮ ಹೆಸರಿಗೂ ಒಂದು ಇಡ್ತೀನಿ."

ಪ್ರಭುರಾಜ ತನ್ನ ಎಡಗೈ ಚಾಚಿ ಅದನ್ನು ತೆಗೆದುಕೊಂಡು ತಿಂದ.