ಕೆಡವಿದ್ದೂ ಅದೇ ಅಚ್ಚು

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಕಂಪನಿ ಮಾಲೀಕ ದೂರಿನ ಜೊತೆಗೆ ಅಪರಾಧಿಯನ್ನೂ ಸಿದ್ಧ ಮಾಡಿಕೊಂಡೇ ಬಂದಿದ್ದ. ಇಂಥವರನ್ನು ಕಂಡರೆ ಇನ್‌ಸ್ಪೆಕ್ಟರ್ ಮೇಡಂಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಕುರ್ಚಿ ತೋರಿಸಿ, ನಿಧಾನಕ್ಕೆ ಹೇಳಿ ಎಂದರು.

ಅವನ ಕಂಪನಿ ಹಲವು ಆಸ್ಪತ್ರೆಗಳ ಡಯಾಲಿಸಿಸ್ ಸರದಿ ನೋಡಿಕೊಳ್ಳುತ್ತಿತ್ತು. ಯಾವ ರೋಗಿಗೆ ಯಾವ ಯಂತ್ರ, ಎಷ್ಟು ಹೊತ್ತಿಗೆ ಎಂಬುದೆಲ್ಲ ಮೂರು ಬೇರೆ ಬೇರೆ ಕ್ಲೌಡ್ ಕಂಪನಿಗಳ ಬಾಡಿಗೆ ಸರ್ವರ್‌ಗಳಲ್ಲಿತ್ತು. ಅಂದು ಬೆಳಿಗ್ಗೆ ಮೂರೂ ಕಡೆಯ ಸರ್ವರ್‌ಗಳು ಒಟ್ಟಿಗೆ ಅಳಿಸಿಹೋದವು. ಗುಂಡಿ ಒತ್ತಿದವಳು ಕಂಪನಿಯದೇ ಇಂಜಿನಿಯರ್. ಅದು ಮೊದಲ ಆರೋಪ. ಮುಟ್ಟಬೇಡ ಎಂದು ಗದರಿಸಿದರೂ ಕೇಳದೆ, ಅವಳೇ ಕೂತು ಮಧ್ಯಾಹ್ನದೊಳಗೆ ಎಲ್ಲವನ್ನೂ ಮತ್ತೆ ಕಟ್ಟಿ ನಿಲ್ಲಿಸಿದ್ದಳು. ಅದು ಎರಡನೆಯದು.

"ಕಟ್ಟಿದ್ದೂ ಅಪರಾಧಾನಾ?"

"ಸಾಕ್ಷಿ ಮುಚ್ಚೋಕೆ ಕಟ್ಟಿದ್ದಾಳೆ ಮೇಡಂ. ಅದೂ ನಾನು ಬೇಡ ಅಂತ ತೀರ್ಮಾನ ಮಾಡಿದ ಕ್ಲೌಡ್‌ನಲ್ಲಿ. ಸಂಜೆಯೊಳಗೆ ಒಳಗೆ ಹಾಕಿ."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಇನ್‌ಸ್ಪೆಕ್ಟರ್ 'ಅಪರಿಚಿತ' ಎಂದು ಬರೆಸಿದರು. ಮಾಲೀಕನ ಮುಖ ಹರಳೆಣ್ಣೆ ಕುಡಿದಂತಾಯಿತು.

ಸ್ಥಳ ಪಂಚನಾಮೆಗೆ ಹೋಗುವ ದಾರಿಯಲ್ಲಿ ಅವರು ಒಂದು ಆಸ್ಪತ್ರೆಯ ಮುಂದೆ ಜೀಪು ನಿಲ್ಲಿಸಿದರು. ಪಡಸಾಲೆಯ ಬೆಂಚಿನಲ್ಲಿ ಕಾಲು ಊದಿಸಿಕೊಂಡ ಮುದುಕನೊಬ್ಬ ಬೆಳಿಗ್ಗೆಯಿಂದ ಕೂತೇ ಇದ್ದ. ಸರದಿ ಈಗಷ್ಟೇ ಬಂತು ತಾಯಿ, ಬದುಕಿದೆ ಎಂದ. ಆ ಕಾಲುಗಳನ್ನು ನೋಡಿ ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಮಾಡಿದವರು ಯಾರೇ ಆಗಲಿ, ಬಿಡುವುದಿಲ್ಲ ಎಂದುಕೊಂಡರು.

ಇಂಜಿನಿಯರ್ ಕಚೇರಿಯ ಮೂಲೆಯ ಮೇಜಿನಲ್ಲಿದ್ದಳು. ಎದುರಿಗೆ ಕಂಪನಿಯವರು ಟೈಪ್ ಮಾಡಿಕೊಟ್ಟ ತಪ್ಪೊಪ್ಪಿಗೆ, ಅದರ ಮೇಲೆ ಅವಳ ಚಹಾ ಲೋಟ. ಸಹಿ ಯಾಕೆ ಹಾಕಿಲ್ಲ ಎಂದು ಕೇಳಿದ್ದಕ್ಕೆ ಅವಳು ತಲೆ ಎತ್ತಿದಳು.

"ಒತ್ತಿದ್ದು ನಾನೇ. ಒತ್ತೋ ಮುಂಚೆ ಓದ್ಬೇಕಿತ್ತು, ಓದ್ಲಿಲ್ಲ. ಅದಕ್ಕೆ ಬೈಯಿರಿ, ಬೈಸ್ಕೋತೀನಿ. ಬೇಕಂತ ಕೆಡವಿದೆ ಅಂತ ಮಾತ್ರ ಬರ್ಕೊಡಲ್ಲ. ಜೈಲಿಗೆ ಹಾಕಿದ್ರೂ ಬರ್ಕೊಡಲ್ಲ."

"ಮತ್ತೆ ಕಟ್ಟಬೇಡ ಅಂದಾಗ ಕಟ್ಟಿದ್ದು?"

"ಅಲ್ಲಿ ಜನ ಕಾಯ್ತಿದ್ರು ಮೇಡಂ."

ಕೆಲಸ ಹೇಗೆ ನಡೆಯುತ್ತದೆಂದು ಅವಳು ವಿವರಿಸಿದಳು. ಸರ್ವರ್, ನೆಟ್‌ವರ್ಕ್ ಎಲ್ಲವನ್ನೂ ಒಂದೊಂದಾಗಿ ಕೈಯಿಂದ ಜೋಡಿಸುವುದಿಲ್ಲ. ಏನು ಬೇಕೆಂದು ಕೋಡ್‌ನಲ್ಲಿ ಬರೆದಿಟ್ಟರೆ ಅದೇ ಕಟ್ಟಿಕೊಡುತ್ತದೆ. ಆ ಕೋಡ್‌ನ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಒಮ್ಮೆ ಬರೆದರೆ ಮೂರು ಕ್ಲೌಡ್‌ಗಳಲ್ಲೂ ಎಷ್ಟು ಸಲ ಬೇಕಾದರೂ ಬಳಸಬಹುದು.

"ಇಟ್ಟಿಗೆ ಅಚ್ಚು ಅಂತ ಹೇಳಮ್ಮ," ಎಂದ ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. "ಮಣ್ಣು ಯಾರದಾದ್ರೇನು, ಅಚ್ಚು ನಮ್ಮದು."

ಅವಳು ಅಂದು ಮೊದಲ ಸಲ ನಕ್ಕಳು. ಅಚ್ಚೇ, ಎಂದಳು. ಪ್ರತಿ ಅಚ್ಚಿಗೂ ಒಂದು ಆವೃತ್ತಿಯ ಸಂಖ್ಯೆ. ಸಂಖ್ಯೆ ಹಳೆಯದೇ ಆಗಿದ್ದರೆ ಒಳಗಿನ ಕೋಡೂ ಹಳೆಯದೇ ಎಂದು ನಂಬಿ, ಏನಾಗಲಿದೆ ಎಂಬ ವಿವರ ಓದದೆ ಒಪ್ಪಿಗೆ ಒತ್ತುವುದು ಅಲ್ಲಿನ ರೂಢಿ. ಯಾರೋ ಸಂಖ್ಯೆಯನ್ನು ಹಾಗೆಯೇ ಇಟ್ಟು, ಒಳಗಿನದನ್ನು ಎಲ್ಲ ಕೆಡವುವಂತೆ ಬದಲಿಸಿದ್ದರು. ಬದಲಿಸಿದವರಾರೆಂದು ತಿಳಿಯುವಂತಿರಲಿಲ್ಲ, ಅಲ್ಲಿ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರು. ಬೇರೆಡೆ ತೆಗೆದಿಟ್ಟಿದ್ದ ರೋಗಿಗಳ ವಿವರದ ಪ್ರತಿಯನ್ನು ಮಾತ್ರ ಆ ಕೈ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಗಳ ಫೋನು. ಗುಂಡಿ ಒತ್ತಿದವಳು ಎದುರಿಗೇ ಇರುವಾಗ ಇನ್ನೇನು ತನಿಖೆ ಎಂದು ಅವರು ರೇಗಿದರು. ಮಾಲೀಕ ಯಾರ ಯಾರ ಬಾಗಿಲು ತಟ್ಟಿದ್ದಾನೆಂದು ಇನ್‌ಸ್ಪೆಕ್ಟರ್‌ಗೆ ತಿಳಿಯಿತು.

"ಬಂಧಿಸ್ತೀನಿ ಸರ್," ಎಂದರು. "ಲಿಖಿತ ಆದೇಶ ಕಳಿಸಿಕೊಡಿ."

ಆದೇಶ ಬರಲಿಲ್ಲ. ಇನ್ನು ಮುಂದಿನ ವರ್ಗಾವಣೆ ಎಲ್ಲಿಗೆ ಎಂದು ಮೀಸೆ ಮೆಲ್ಲಗೆ ಕೇಳಿದ. ಕಚೇರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ ಮಾತನ್ನು ಇನ್‌ಸ್ಪೆಕ್ಟರ್ ಓದುತ್ತಿದ್ದರು: 'ಪರೀಕ್ಷೆ ಮಾಡದ್ದು ಹೊಸ್ತಿಲು ದಾಟಬಾರದು.'

ಅದು ಮೇಷ್ಟ್ರು ಬರೆದದ್ದು ಎಂದಳು ಇಂಜಿನಿಯರ್. ಆ ಅಚ್ಚುಗಳನ್ನೆಲ್ಲ ಮಾಡಿದವರು ಅವರೇ, ತನಗೆ ಕೆಲಸ ಕಲಿಸಿದವರೂ ಅವರೇ. ಉಳಿಯುವುದು ಒಂದೇ ಕ್ಲೌಡ್, ಅಚ್ಚು ಇನ್ನು ಬೇಕಿಲ್ಲ ಎಂದು ಮಾಲೀಕ ತೀರ್ಮಾನಿಸಿದ ಮೇಲೆ, ಹಿಂದಿನ ಶುಕ್ರವಾರ ಕೆಲಸ ಬಿಟ್ಟು ಹೋಗಿದ್ದರು.

"ಇದನ್ನ ಮಾಡಿದವರು ಪರೀಕ್ಷೆ ಮಾಡಿರ್ತಾರಾ?"

"ಇಷ್ಟು ಶುದ್ಧವಾಗಿ ಕೆಲಸ ಮಾಡಿದೆ ಅಂದ್ರೆ ಮಾಡೇ ಇರ್ತಾರೆ. ಮೂರು ಕಡೇನೂ."

"ಎಲ್ಲಿ?"

ಅವಳು ಒಂದೊಂದಾಗಿ ಎಣಿಸಿದಳು. ಮೊದಲ ಎರಡು ಕ್ಲೌಡ್‌ಗಳಲ್ಲಿ ಪರೀಕ್ಷೆಗೆಂದೇ ಕಂಪನಿಯ ಖಾತೆಗಳಿವೆ. ಮೂರನೆಯದರಲ್ಲಿದ್ದ ಪರೀಕ್ಷೆಯ ಖಾತೆಯನ್ನು ಮಾಲೀಕ ಮುಚ್ಚಿಸಿ ಬಹಳ ದಿನವಾಗಿತ್ತು. ಅಲ್ಲಿ ಪರೀಕ್ಷೆ ಮಾಡಬೇಕಾದರೆ ಸ್ವಂತ ಖಾತೆಯೇ ಆಗಬೇಕು. ಮಾತು ಮುಗಿಯುವ ಹೊತ್ತಿಗೆ ಅವಳ ಕಣ್ಣು ಗೋಡೆಯ ಬರಹದ ಮೇಲಿತ್ತು.

ಮೂರನೆಯ ಕ್ಲೌಡ್ ಕಂಪನಿಗೆ ನೋಟಿಸ್ ಹೋಯಿತು. ಗುರುವಾರ ಉತ್ತರ ಬಂತು. ಅದೇ ಅಚ್ಚು ಓಡಿದ ಖಾತೆ ಮೇಷ್ಟ್ರ ಹೆಸರಿನಲ್ಲೇ ಇತ್ತು. ಆದರೆ ಅಲ್ಲಿ ಬರೀ ಕೆಡವಿದ ಗುರುತಿರಲಿಲ್ಲ. ಕೆಡವುವುದು, ಮತ್ತೆ ಕಟ್ಟುವುದು. ಕೆಡವುವುದು, ಮತ್ತೆ ಕಟ್ಟುವುದು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು.

ಬಾಗಿಲು ತೆರೆದದ್ದು ಮೇಷ್ಟ್ರ ಹೆಂಡತಿ. ಒಳಗೆ ಮೇಷ್ಟ್ರು ಊಟದ ಮೇಜಿನ ಮುಂದೆ, ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಸಮವಸ್ತ್ರ ನೋಡಿ ಎದ್ದೇಳಲಿಲ್ಲ.

"ನೀವು ಬಂದ್ರಾ? ಕಂಪನಿಯವರು ಬರ್ತಾರೆ ಅಂದ್ಕೊಂಡಿದ್ದೆ."

"ಮಾಡಿದ್ದು ನೀವೇನಾ?"

"ನಾನೇ. ಹೋಗೋ ದಿನ ಬದಲಾಯಿಸಿ ಬಂದೆ. ಯಾವ ಕ್ಲೌಡ್‌ನವನ ಕಾಲಿಗೂ ಬೀಳೋದು ಬೇಡ ಅಂತ ವರ್ಷಗಟ್ಟಲೆ ಕೂತು ಮಾಡಿದ ಅಚ್ಚು. ಕಸಕ್ಕೆ ಹಾಕಿ ಅಂದ ಆ ಮಾಲೀಕ. ಎಲ್ಲ ಬಿದ್ದ ಮೇಲೆ ನನ್ನನ್ನೇ ಕರೀಬೇಕು, ಅವನ ಕಣ್ಣೆದುರಿಗೇ ಅರ್ಧ ಗಂಟೇಲಿ ಎಬ್ಬಿಸಿ ತೋರಿಸ್ತೀನಿ ಅಂತಿದ್ದೆ. ತಪ್ಪು ಅಂತ ನನ್ನ ಬಾಯಲ್ಲಿ ಬರಲ್ಲ."

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಕೂತು, ಬೆಂಚಿನ ಮೇಲಿನ ಮುದುಕನ ಕಾಲುಗಳ ವಿಷಯ ಹೇಳಿದರು. ಮೇಷ್ಟ್ರು ಅರ್ಧ ಗಂಟೆಯ ಲೆಕ್ಕ ಹಾಕಿದ್ದರು. ಮಾಲೀಕ ಜಂಬಕ್ಕೆ ತಮ್ಮನ್ನು ಕರೆಯದೆಯೇ ಇರಬಹುದೆಂಬುದು ಅದರಲ್ಲಿ ಸೇರಿರಲಿಲ್ಲ. ಅವರು ಕೇಳಿಸಿಕೊಂಡರು, ಗಡ್ಡ ಕೆರೆದುಕೊಂಡರು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಮತ್ತೆ ಯಾರು ಕಟ್ಟಿದ್ದು?"

"ಗುಂಡಿ ಒತ್ತಿದ ಹುಡುಗಿ. ನಿಮ್ಮ ಶಿಷ್ಯೆ. ಬೇಡ ಅಂದ್ರೂ ಕೇಳದೆ, ನಿಮ್ಮ ಹಳೇ ಅಚ್ಚಲ್ಲೇ, ಮೂರನೇ ಕ್ಲೌಡಲ್ಲಿ ಕಟ್ಟಿದ್ಲು. ಅದಕ್ಕೇ ಅವಳನ್ನ ಜೈಲಿಗೆ ಹಾಕಿ ಅಂತ ನಿಮ್ಮ ಮಾಲೀಕ ದೂರು ಕೊಟ್ಟಿದ್ದಾನೆ."

ಶಿಷ್ಯೆ ಎಂದೊಡನೆ ಉಬ್ಬಿದ ಮೇಷ್ಟ್ರ ಎದೆ ಜೈಲಿನ ಮಾತಿಗೆ ಅಲ್ಲೇ ಇಳಿಯಿತು. ಅವತ್ತು ಒತ್ತುವ ಸರದಿ ಯಾರದೆಂದು ಅವರು ಯೋಚಿಸಿರಲೇ ಇಲ್ಲ. ಎದ್ದು ಚಪ್ಪಲಿ ಹುಡುಕಿದರು.

"ಬರ್ಕೊಳ್ಳಿ. ಅವಳನ್ನ ಬಿಟ್ಟು ಎಲ್ಲಾ ಬರ್ಕೊಳ್ಳಿ."

ಜಪ್ತಿ ಪಂಚನಾಮೆ ಬರೆಯುತ್ತಿದ್ದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮೀಸೆ ಬಗ್ಗಿ ನೋಡಿದ. ಮಾಲೀಕ. ಮೂರೂ ಕ್ಲೌಡ್ ಇರಲೇಬೇಕು, ಇಲ್ಲದಿದ್ದರೆ ಒಪ್ಪಂದವೇ ಬೇಡ ಎಂದು ಆಸ್ಪತ್ರೆಗಳು ಪಟ್ಟು ಹಿಡಿದ ಸುದ್ದಿ ಬೆಳಿಗ್ಗೆಯೇ ಠಾಣೆ ಮುಟ್ಟಿತ್ತು. ಬಂಧನದ ಸುದ್ದಿ ಮಾತ್ರ ಮಾಲೀಕನಿಗೆ ಇನ್ನೂ ಮುಟ್ಟಿರಲಿಲ್ಲ. ನಿಯಮ ಹಾಗಿಲ್ಲದಿದ್ದರೂ ಇನ್‌ಸ್ಪೆಕ್ಟರ್ ಫೋನನ್ನು ಮೇಷ್ಟ್ರತ್ತ ಸರಿಸಿದರು.

ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

"ಅವಳಿಗೆ ಫೋನ್ ಮಾಡ್ಲಿ," ಎಂದರು. "ಅವಳಿಗೆ ಬರುತ್ತೆ."

ಫೋನು ಬಡಿದು ಬಡಿದು ಸುಮ್ಮನಾಯಿತು. ಅದನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು. ಸಂಜೆ ಕೇಸ್ ಡೈರಿಯಲ್ಲಿ ಉದ್ದೇಶ ಏನೆಂದು ಬರೆಯಬೇಕಾದಲ್ಲಿ ಇನ್‌ಸ್ಪೆಕ್ಟರ್ ದ್ವೇಷ ಎಂದು ಬರೆದು, ಹೊಡೆದು ಹಾಕಿದರು. ಆಮೇಲೆ ಬರೆದರು: ತಾನು ಮಾಡಿದ್ದು ಚೆನ್ನಾಗಿದೆಯೆಂದು ಆರೋಪಿಗೆ ಅಲ್ಲಿ ಯಾರೂ ಹೇಳಿರಲಿಲ್ಲ.