ಬಾತಿರ್ಕಾನ್ ಚಿಲುಮೆ ಕಳವಾದ ಪ್ರಕರಣ

"ಕಳ್ಳತನ ಆಗಿದೆ, ಬರ್ಕೋ."

ಕಿದಿರ್ ಠಾಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ಕೊರಳಲ್ಲಿ ಅಂಗೈಯಗಲದ ಜಿಪಿಎಸ್ ನೇತಾಡುತ್ತಿತ್ತು. ಕೈಯಲ್ಲಿ ಅವೆರಡನ್ನೂ ಜೋಡಿಸುವ ಕೇಬಲ್.

ಕ್ಯಾಪ್ಟನ್ ಮಾಮಿತ್ ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದ. "ಎಲ್ಲಾ ಇಲ್ಲೇ ಇದೆಯಲ್ಲಣ್ಣ. ಹೋಗಿದ್ದೇನು?"

"ಚಿಲುಮೆ! ನಮ್ಮಪ್ಪನ ಹೆಸರಿನ ಬಾತಿರ್ಕಾನ್ ಚಿಲುಮೆ. ಯಾರೋ ಕದ್ದು ಗುಡ್ಡದ ಆ ಕಡೆ ಇಟ್ಟಿದಾರೆ."

ನಮ್ಮ ಬೆಟ್ಟದೂರು ಅತ್‌ಬಾಶಿಯಲ್ಲಿ ಕುದುರೆ ಕದಿಯುತ್ತಾರೆ, ಕುರಿ ಕದಿಯುತ್ತಾರೆ. ನೀರಿನ ಚಿಲುಮೆ ಕದ್ದವರನ್ನು ಮಾಮಿತ್ ಇನ್ನೂ ಹಿಡಿದಿರಲಿಲ್ಲ.

ಸಂಗತಿ ಇಷ್ಟು. ಕಣಿವೆಯಾಚೆಯ ಮೇಲ್ಬಯಲಿನಲ್ಲಿ ರಸ್ತೆಯಿಲ್ಲ, ಮರವೂ ಇಲ್ಲ. ಮಂಜು ಕವಿದರೆ ಕುದುರೆಗೂ ದಿಕ್ಕು ತಪ್ಪುತ್ತದೆ. ಹಾಗಾಗಿ ಕಿದಿರ್ ತನ್ನ ಹಳೇ ಜೀಪಿಗೆ ಈ ಏರ್ಪಾಡು ಮಾಡಿಕೊಂಡಿದ್ದ. ಎರಡು ಸೀಟಿನ ನಡುವೆ ಹಲಗೆ, ಅದರ ಮೇಲೆ ಜೀನಿನ ಪಟ್ಟಿಯಲ್ಲಿ ಬಿಗಿದ ಲ್ಯಾಪ್‌ಟಾಪ್, ಪರದೆಯಲ್ಲಿ ಸೋವಿಯತ್ ಸೇನೆಯ ಹಳೇ ನಕಾಶೆ. ಜಿಪಿಎಸ್ ಕೇಬಲ್ಲಿನ ಮೂಲಕ ತಾನಿರುವ ಜಾಗ ಹೇಳುತ್ತದೆ, ನಕಾಶೆಯ ಮೇಲೆ ಕೆಂಪು ಚುಕ್ಕೆ ತೆವಳುತ್ತದೆ. ಹೋಗಬೇಕಾದ ಜಾಗದ ಹೆಸರು ಒತ್ತಿದರೆ ಅತ್ತ ಗೆರೆ ಎಳೆಯುತ್ತದೆ. ಅದನ್ನು ಕಿದಿರ್ ತಳಿ ಕುದುರೆಯಂತೆ ಮುದ್ದು ಮಾಡುತ್ತಿದ್ದ.

ನಿನ್ನೆ ಮಂಜಿನಲ್ಲಿ ಪಶುವೈದ್ಯರನ್ನು ಕೂರಿಸಿಕೊಂಡು ಚಿಲುಮೆಯ ಕುರಿದೊಡ್ಡಿಗೆ ಹೊರಟಿದ್ದಾನೆ. ಗೆರೆ ಹಿಡಿದೇ ಹೋಗಿದ್ದಾನೆ. ಜೀಪು ನಿಂತದ್ದು ಅಣ್ಣನ ಗುಡಾರದ ಬಾಗಿಲಲ್ಲಿ!

ಅಣ್ಣ ತಮ್ಮ ಮಾತು ಬಿಟ್ಟು ಏಳು ವರ್ಷ. ಮೇಕೆಯ ಕಳೇಬರಕ್ಕಾಗಿ ಕುದುರೆ ಮೇಲೆ ಕಿತ್ತಾಡುವ ಆಟದಲ್ಲಿ ಅಣ್ಣ ತೀರ್ಪುಗಾರನಾಗಿದ್ದ, ತಮ್ಮನ ಗೋಲು ಗೋಲಲ್ಲ ಎಂದ. ಅಷ್ಟೇ. ಅಂದಿನಿಂದ ಕಿದಿರ್ ಅಣ್ಣನ ಹೆಸರನ್ನೇ ಎತ್ತಿಲ್ಲ. ಈಗ ಅಣ್ಣನಿಗೆ ಎದೆರೋಗ. ಮೊದಲ ಹಿಮ ಬಿದ್ದರೆ ಕಣಿವೆದಾರಿ ಮುಚ್ಚುತ್ತದೆ, ಮೇಲೆ ಉಳಿದರೆ ಚಳಿಗಾಲ ದಾಟುವುದಿಲ್ಲ. ಯಾರು ಕರೆದರೂ ಅವನದು ಒಂದೇ ಉತ್ತರ: "ನನ್ನ ತಮ್ಮ ಬಂದು ಕರೀಲಿ." ಇದು ಊರಿಗೆಲ್ಲ ಗೊತ್ತು.

"ಬಾಗಿಲವರೆಗೂ ಹೋದ್ರಲ್ಲ, ಇಳಿದ್ರಾ?" ಮಾಮಿತ್ ಕೇಳಿದ.

"ಯಾಕೆ ಇಳೀಲಿ? ಜೀಪು ತಿರುಗಿಸ್ದೆ, ಬಂದೆ. ಇದು ಶಾರ್ಶೆನನ ಕೆಲಸ. ನನ್ನ ಗಿರಾಕಿಗಳ ಮೇಲೆ ಅವನ ಕಣ್ಣು. ಒಳಗೆ ಹಾಕು ಅವನ್ನ."

*

ಶಾರ್ಶೆನ್ ಊರಿನ ಇನ್ನೊಬ್ಬ ಜೀಪು ಚಾಲಕ. ಬಜಾರಿನ ಚಹಾದಂಗಡಿಯಲ್ಲಿ ಕುರಿಮಾಂಸದ ಸಮೋಸಾ ತಿನ್ನುತ್ತ ಕೂತಿದ್ದ.

"ಕಿದಿರಣ್ಣನ ಡಬ್ಬಿ ಮುಟ್ಟಿದ್ಯಾ?" ಮಾಮಿತ್ ಎದುರಿಗೆ ಕೂತು ಕೇಳಿದ.

"ಅಯ್ಯೋ, ಮುಟ್ಟಿದ್ರೆ ಸವೆಯುತ್ತಾ?"

"ಶಾರ್ಶೆನ್."

ಅವನು ಬೆರಳು ನೆಕ್ಕಿಕೊಂಡ. "ಹೂಂ, ಮುಟ್ದೆ. ಮೊನ್ನೆ ಇಲ್ಲೇ ಜೀಪು ನಿಲ್ಸಿ ಚಹಾ ಕುಡೀತಿದ್ರು. ಜಿಪಿಎಸ್‌ನಲ್ಲಿ ಒಂದೇ ಒಂದು ಗುಂಡಿ ಒತ್ತಿದೀನಿ. ಸೋವಿಯತ್ ನಕಾಶೆಗೆ ಒಂದು ಲೆಕ್ಕ ಇರುತ್ತೆ, ಅಮೆರಿಕಾದ ಉಪಗ್ರಹಕ್ಕೆ ಇನ್ನೊಂದು. ಅದನ್ನ ಅದಲುಬದಲು ಮಾಡ್ದೆ. ತಮಾಷೆಗೆ, ಸಾಹೇಬ್ರೇ."

"ಲ್ಯಾಪ್‌ಟಾಪು?"

"ಅದಕ್ಕೆ ಗುಪ್ತಪದ ಇದೆಯಲ್ಲ. ನಂಗೆ ನನ್ನ ಹೆಂಡ್ತಿ ಮನಸ್ಸೇ ತೆಗೆಯೋಕೆ ಬರಲ್ಲ, ಅದೆಲ್ಲಿ ತೆಗೀಲಿ?"

*

ಠಾಣೆಯ ಅಂಗಳದಲ್ಲಿ ಜೀಪು ನಿಲ್ಲಿಸಿ ಪರೀಕ್ಷೆ ನಡೆಯಿತು. ಕಿದಿರ್ ಕೇಬಲ್ ಸಿಕ್ಕಿಸಿದ. ಕೆಂಪು ಚುಕ್ಕೆ ಮೂಡಿತು, ಠಾಣೆಯಲ್ಲಲ್ಲ, ಪಕ್ಕದ ಆಲೂಗಡ್ಡೆ ಹೊಲದಲ್ಲಿ.

"ನೋಡ್ದಾ? ಕಳ್ಳ ಸಿಕ್ಕ!" ಕಿದಿರ್ ತೊಡೆ ತಟ್ಟಿದ.

"ಅರ್ಧ ಸಿಕ್ಕ," ಮಾಮಿತ್ ಅಂದ. "ಈ ತಪ್ಪು ಕೂಗಳತೆ ದೂರದ್ದು. ನಿಮ್ಮಣ್ಣನ ಗುಡಾರ ಚಿಲುಮೆಯಿಂದ ಒಂದು ಗುಡ್ಡ ಆಚೆಗಿದೆ. ಶಾರ್ಶೆನನ ತಮಾಷೆಗೆ ಗುಡ್ಡ ದಾಟೋವಷ್ಟು ಶಕ್ತಿ ಇಲ್ಲ. ಹೋಗೋ ಜಾಗಗಳನ್ನ ತೋರ್ಸಿ."

ಪರದೆಯ ಮೇಲೆ ಹೆಸರುಗಳು ಬಂದವು. ಮಾಮಿತ್ ಗಟ್ಟಿಯಾಗಿ ಓದಿದ. "ಕೆಂಪು ದಿಬ್ಬ. ಮುರಿದ ಸೇತುವೆ. ದೋರೋನನ ದೊಡ್ಡಿ. ಹಿರಿಯರ ಚಿಲುಮೆ..."

"ಅದೇ, ಅದನ್ನೇ ಒತ್ತಿದ್ದು."

"ಹೆಸರು ಬರೆದೋರು ಯಾರು?"

"ನಾನೇ, ಇನ್ಯಾರು? ಒಂದೇ ಬೆರಳಲ್ಲಿ ಕುಟ್ಟಿದೀನಿ."

ಮಾಮಿತ್ ಪರದೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಕೇಬಲ್ ಬಿಚ್ಚಿ ಅದರ ತುದಿಯನ್ನು ಬೆಳಕಿಗೆ ಹಿಡಿದ. ಅದನ್ನು ಲ್ಯಾಪ್‌ಟಾಪಿಗೆ ಬಿಗಿಯುವ ಪುಟ್ಟ ತಿರುಪಿನ ಸಂದಿಯಲ್ಲಿ ಬೆಳ್ಳಗೆ ಏನೋ ಒಣಗಿತ್ತು. ಉಗುರಿನಿಂದ ಕೆರೆದು ಮೂಸಿದ.

"ಅಣ್ಣ, ನಿಮ್ಮನೇಲಿ ಚಹಾ ಸಿಗುತ್ತಾ?"

*

ಕಿದಿರನ ಹೆಂಡತಿ ರೈಕಾನ್ ಬಿಸಿ ರೊಟ್ಟಿ ಮುರಿದು ಹರಡಿದಳು. ಸೊಸೆ ಕೆಂಜೆ ಚಹಾ ಬಗ್ಗಿಸಿದಳು. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಹುಡುಗಿ. ಮಾವನ ಲ್ಯಾಪ್‌ಟಾಪಿಗೆ ನಕಾಶೆ ಏರಿಸಿಕೊಟ್ಟವಳೂ ಅವಳೇ.

"ಕಳ್ಳ ಸಿಕ್ಕಿದ್ನೇನಪ್ಪ?" ರೈಕಾನ್ ಕೇಳಿದಳು. "ಹಿರಿಯರ ಚಿಲುಮೆನ ಯಾರಾದ್ರೂ ಹೊತ್ಕೊಂಡು ಹೋಗಕ್ಕಾಗುತ್ತಾ?"

ಮಾಮಿತ್ ನಕ್ಕ. ಬಟ್ಟಲು ಕೆಳಗಿಟ್ಟ.

"ಕೆಂಜೆ, ಆ ಚಿಲುಮೆಗೆ ಯಾರ ಹೆಸರಮ್ಮ?"

ಕೆಂಜೆ ಅತ್ತೆಯ ಮುಖ ನೋಡಿದಳು. ಕಿವಿಯವರೆಗೂ ಕೆಂಪಾದಳು. ಬಾಯಿ ತೆರೆಯಲಿಲ್ಲ.

"ಹೇಳಲ್ಲ, ಗೊತ್ತು. ನಮ್ಮ ಯಾವ ಸೊಸೆ ಗಂಡನ ಮನೆ ಹಿರಿಯರ ಹೆಸರು ಹೇಳ್ತಾಳೆ? ಬರೆಯೋಕೂ ಕೈ ಬರಲ್ಲ." ಮಾಮಿತ್ ಕಿದಿರನತ್ತ ತಿರುಗಿದ. "ನೀವು ಬರೆದಿದ್ದು ಬಾತಿರ್ಕಾನ್ ಚಿಲುಮೆ ಅಂತ. ಠಾಣೇಲೂ ಹಾಗೇ ಅಂದ್ರಿ. ಶಾರ್ಶೆನ್ ಬರೆದಿದ್ರೂ ಹಾಗೇ ಬರೀತಿದ್ದ. ಯಾರೋ ಹಳೇದನ್ನ ಅಳಿಸಿ, ನಕಾಶೆ ಮೇಲೆ ಬೇರೆ ಜಾಗ ಒತ್ತಿ, ಹೊಸದಾಗಿ ಹೆಸರು ಕೊಟ್ಟಿದಾರೆ. ಹೆಸರು ಬರೆಯೋ ಹೊತ್ತಿಗೆ ಸೊಸೆತನ ಅಡ್ಡ ಬಂತು. ಮನೇಲಿ ದಿನಾ 'ಹಿರಿಯರ ಚಿಲುಮೆ' ಅಂತ ಕೇಳಿ ಕೇಳಿ ನಿಮಗೆ ಅದು ಬೇರೆ ಅಂತ ಅನಿಸ್ಲೇ ಇಲ್ಲ."

ಕಿದಿರ್ ಸೊಸೆಯನ್ನು ನೋಡಿದ. ಬಾಯಿ ತೆರೆದೇ ಇತ್ತು.

"ಇನ್ನು ತಿರುಪಿನಲ್ಲಿ ಹಿಟ್ಟು. ಕಂಪ್ಯೂಟರ್ ಮುಟ್ಟೋಳು ಕೈ ತೊಳ್ಕೊಂಡಿರ್ತಾಳೆ. ಪಕ್ಕದಲ್ಲಿ ಇನ್ನೊಬ್ರಿದ್ರು. ಹಿಟ್ಟು ನಾದೋದು ಬಿಟ್ಟು ಬಂದು, ಗುಡಾರ ಎಲ್ಲಿದೆ ಅಂತ ಬೆರಳಿಟ್ಟು ತೋರ್ಸಿ, ಕೊನೆಗೆ ಕೇಬಲ್ ಬಿಗಿದಿದಾರೆ."

"ಸಡಿಲ ಬಿಟ್ರೆ ಇವರು ಬಯ್ಯಲ್ವೇ?" ರೈಕಾನ್ ಅಂದಳು. ಅವಳಿಗೆ ನಾಚಿಕೆಯೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. "ನಾನೇ ಹೇಳಿದ್ದು. ಹಾಕು ಬೇಡಿ, ಇಬ್ಬರಿಗೂ ಹಾಕು."

ಅತ್ತೆ ಸೊಸೆ ಒಂದಾದ ಮನೆಯಲ್ಲಿ ಗಂಡಸಿನ ಜಿಪಿಎಸ್ ಏನು ಮಾಡೀತು!

"ನನ್ನ ಮನೇಲೇ ಕಳ್ಳರು!" ಕಿದಿರ್ ಎದ್ದು ನಿಂತ.

"ಅಪ್ಪಾ," ಕೆಂಜೆ ಮಾವನತ್ತ ತಿರುಗಿದಳು, "ದೊಡ್ಡಮಾವ ರಾತ್ರಿಯೆಲ್ಲ ಕೂತೇ ನಿದ್ದೆ ಮಾಡ್ತಾರಂತೆ. ಮಲಗಿದ್ರೆ ಉಸಿರು ಸಿಗಲ್ವಂತೆ. ಹಿಮ ಬಂದ್ಮೇಲೆ ನೀವು ಅತ್ತು ಏನು ಬಂತು? ಬಾಗಿಲಿಗೆ ಹೋದ್ರೆ ಇಳೀತೀರ ಅಂದ್ಕೊಂಡೆ. ತಪ್ಪು ನಂದೇ."



"ನಂದೊಂದು ಪ್ರಶ್ನೆ ಉಳೀತು," ಮಾಮಿತ್ ಮೆಲ್ಲಗೆ ಅಂದ. "ಬರೀ ಸಿಟ್ಟು ಬಂದಿದ್ರೆ ನೀವು ನೇರ ಹೋಗಿ ಶಾರ್ಶೆನ್‌ಗೆ ನಾಲ್ಕು ಬಿಡ್ತಿದ್ರಿ. ಠಾಣೆಗೆ ಯಾಕೆ ಬಂದ್ರಿ? ಅಲ್ಲಿ ಏನು ನೋಡಿದ್ರಿ, ಅಣ್ಣ?"

ಕಿದಿರ್ ಕೂತ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟ.

"ಹೊರಗೆ ನಿಂತಿದ್ದ. ನನ್ನ ಜೀಪಿನ ಸದ್ದು ಗುರುತು ಹಿಡಿದಿರ್ಬೇಕು. ಕಂಬ ಹಿಡ್ಕೊಂಡು ನಿಂತಿದ್ದ. ಮೈಮೇಲೆ ಕೋಟು ಜೋತಾಡ್ತಿತ್ತು. ಅಷ್ಟು ದೊಡ್ಡ ಆಳು..." ಅವನು ಟೊಪ್ಪಿಗೆಯ ಅಂಚು ತಿರುವಿದ. "ಕೈ ಎತ್ತಿದ. ನಾನು ತಿರುಗಿಸ್ಕೊಂಡು ಬಂದುಬಿಟ್ಟೆ, ಮಾಮಿತ್. ರಾತ್ರಿ ನಿದ್ದೆ ಬರ್ಲಿಲ್ಲ. ಯಾರನ್ನಾದ್ರೂ ಹಿಡಿದು ಒಳಗೆ ಹಾಕ್ಬೇಕಿತ್ತು ನಂಗೆ."

ರೈಕಾನ್ ಮುಖ ತಿರುಗಿಸಿಕೊಂಡು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

"ದೂರಿನಲ್ಲಿ ಆರೋಪಿ ಯಾರು ಅಂತ ಬರೀಲಿ?" ಮಾಮಿತ್ ಕೇಳಿದ.

"ಹರಿದು ಹಾಕು." ಕಿದಿರ್ ಎದ್ದ. "ಕೆಂಜೆ, ಕಂಬಳಿ ಎಷ್ಟಿವೆಯೋ ಅಷ್ಟೂ ತಗೊಂಡು ಬಾ. ಇಶೆನಣ್ಣನ್ನ ಕರ್ಕೊಂಡು ಬರ್ತೀನಿ."

ಏಳು ವರ್ಷದ ಮೇಲೆ ಆ ಮನೆಯಲ್ಲಿ ಆ ಹೆಸರು ಕೇಳಿಬಂತು.

*

ಮಾರನೇ ದಿನ ಮಧ್ಯಾಹ್ನ ಜೀಪು ಕಣಿವೆದಾರಿಯಿಂದ ಇಳಿದು ಬಂತು, ನಡೆಯುವ ಕುದುರೆಗಿಂತ ನಿಧಾನ. ಮಾಮಿತ್ ಕೈ ಅಡ್ಡ ಹಾಕಿ ನಿಲ್ಲಿಸಿದ. ನಡುವಿನ ಹಲಗೆ ಕಾಣಲಿಲ್ಲ. ಅಲ್ಲಿ ಕಂಬಳಿಗಳಲ್ಲಿ ಹೂತುಹೋದ ಇಶೆನ್, ತಮ್ಮನ ಹೆಗಲಿಗೆ ಒರಗಿ ಕೆಮ್ಮುತ್ತಿದ್ದ.

"ಅಣ್ಣ, ನಿಮ್ಮ ಯಂತ್ರ ಎಲ್ಲಿ?"

"ಹಿಂದೆ ಮೂಟೆ ಕೆಳಗೆ ಎಲ್ಲೋ ಇದೆ. ಇವನು ಒರಗೋಕೆ ಜಾಗ ಬೇಡ್ವಾ?"

"ಮಂಜಲ್ಲಿ ದಾರಿ?"

"ಇವನೇ ಹೇಳ್ದ. ಉಸಿರಿಲ್ಲ, ಆದ್ರೂ ದಾರಿಯುದ್ದಕ್ಕೂ ಬೈದ. ಸರಿ, ದಾರಿ ಬಿಡು ಮಾರಾಯ, ಆಸ್ಪತ್ರೆ ಬಾಗಿಲು ಹಾಕ್ಬಿಡ್ತಾರೆ."